ತೆರೆಗೆ ಬೆನ್ನು ಹಾಕಿ ನಿಂತವನು

ರಾಯಬಾಗದ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕೋಡಿಯ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ಬರುತ್ತದೋ ಇಲ್ಲವೋ, ಬಂದರೆ ಸೀಟು ಸಿಗುತ್ತದೋ ಇಲ್ಲವೋ, ಸಿಕ್ಕರೆ ಅದು ಬಿಸಿಲಿನ ಬದಿಯದೋ ಎಂದು ಒಂದಾದ ಮೇಲೊಂದು ಚಿಂತೆ ಮಾಡುತ್ತಿರುವಾಗ ತಲೆಗೆ ಪಟಗಾ ಸುತ್ತಿದ ಹಿರಿಯರೊಬ್ಬರು ಬಂದು ನನ್ನ ಮುಖವನ್ನೇ ನೋಡುತ್ತ ನಿಂತರು.

“ಎತ್ತಿನ ಪಿಕ್ಚರಿನ ಅಣ್ಣಾ ಹೋದ್ರಂತಲ್ರಿ.”

“ಹೌದ್ರಿ. ಮೊನ್ನಿ, ಕಾಗವಾಡದಾಗ.”

“ದೇವರಂಥಾ ಮನಷ್ಯಾ.” ಪಟಗಾ ಸರಿಮಾಡಿಕೊಂಡು, “ನಿಮ್ಮನ್ನ ಎಲ್ಲೋ ನೋಡಿದಂಗ ಐತಿ. ನೀವೂ ಅವರ ಸಂಗಾಟ ಇರ್ತಿದ್ರಲ್ಲ? ಪೆಟ್ಟಿಗಿ ಹೊರಾಕ?”

ಹೌದು ಎಂದೆ. ಇನ್ನೇನು ಹೇಳಲಿ? ಆ ಪೆಟ್ಟಿಗೆಯಲ್ಲಿದ್ದದ್ದು ಪ್ರೊಜೆಕ್ಟರು, ಅದನ್ನು ನಡೆಸುತ್ತಿದ್ದವನು ನಾನು, ಆ ಸಿನಿಮಾವನ್ನು ಈ ಸುತ್ತಿನ ಊರುಗಳಲ್ಲಿ ಎಲ್ಲರಿಗಿಂತ ಮೊದಲು ನೋಡಿದವನೂ ನಾನು ಎಂದು ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿಕೊಳ್ಳಲೇ?

“ಐತವಾರ ಅವರ ಮನ್ಯಾಗ ಮಂದಿ ಕೂಡೂದೈತಿ. ನೀವೂ ಬರ್ರಿ,” ಎಂದರು ಹಿರಿಯರು. “ಕುರ್ಚಿ ಹಾಕಾಕ ಆಳ ಬೇಕಾಗ್ತಾವು.”

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ನನ್ನ ಹೆಂಡತಿ ಹೇಳುತ್ತಾಳೆ. ಬದುಕಿದ್ದಾಗ ಹದಿನೈದು ವರ್ಷ ಪಟ್ಟಿದ್ದೇನಲ್ಲ, ಒಮ್ಮೆಲೇ ಬಿಡು ಎಂದರೆ ಹೇಗೆ ಬಿಡಲಿ? ಅವನು ನನಗಿಂತ ಎಂಟು ವರ್ಷ ದೊಡ್ಡವನು. ಎದುರಿಗೆ ‘ಅಣ್ಣಾ’ ಎನ್ನುತ್ತಿದ್ದೆ, ಬೆನ್ನ ಹಿಂದೆ ‘ಅಂವ’. ಈಗ ಬರೆಯಲು ಕೂತಾಗಲೂ ‘ಅವರು’ ಎಂದು ಬರೆಯಲು ಕೈ ಏಳುತ್ತಿಲ್ಲ. ಹೆಸರನ್ನಂತೂ ಬರೆಯುವುದಿಲ್ಲ. ಬರೆದರೆ ಓದಿದವರು ಅವನನ್ನೇ ನೆನಪಿಟ್ಟುಕೊಳ್ಳುತ್ತಾರೆ.

ಎಂಬತ್ತರ ದಶಕದಲ್ಲಿ ನಾವಿಬ್ಬರೂ ಚಿಕ್ಕೋಡಿಯ ಒಂದು ಸಹಕಾರಿ ಸಂಘದ ಪ್ರಚಾರ ಜೀಪಿನಲ್ಲಿದ್ದೆವು. ಊರೂರಿಗೆ ಹೋಗಿ ಹೊಸ ಕಬ್ಬಿನ ತಳಿ, ದ್ರಾಕ್ಷಿಗೆ ಬರುವ ರೋಗ, ಗೊಬ್ಬರ ಹಾಕುವ ಕ್ರಮ ಇವುಗಳ ಮೇಲಿನ ಸಣ್ಣ ಸಣ್ಣ ಚಿತ್ರ ತೋರಿಸುವುದು ನಮ್ಮ ಕೆಲಸ. ನಾನು ಆಪರೇಟರ್. ಅವನು ಡ್ರೈವರ್. ಹುದ್ದೆಯಲ್ಲಿ ನಾನು ಒಂದು ಮೆಟ್ಟಿಲು ಮೇಲೆ. ಅದಕ್ಕೇ ಅವನು ನನ್ನನ್ನು ‘ಸಾಹೇಬ್ರ’ ಎನ್ನುತ್ತಿದ್ದ. ಆ ಮಾತಿನಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂಬುದು ಕೊನೆಯವರೆಗೂ ಬಗೆಹರಿಯಲಿಲ್ಲ.

ಜೀಪಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಬೀಗ ಎಳೆದು ನೋಡುವುದು ನನ್ನ ಅಭ್ಯಾಸ. ಮತ್ತೆ ಹತ್ತು ಹೆಜ್ಜೆ, ಮತ್ತೆ ಬೀಗ. ಅವನು ದೂರ ನಿಂತು ಬೀಡಿ ಅಂಗಡಿಯವರ ಹತ್ತಿರ ಹರಟುತ್ತ ನೋಡಿ ನಗುತ್ತಿದ್ದ.

“ಯಾಕಣ್ಣಾ ನಗ್ತಿ? ನಾ ಚಿಂತಿ ಮಾಡದಿದ್ರ ಯಾರ ಮಾಡಬೇಕ?” ಎಂದು ಒಮ್ಮೆ ಸಿಟ್ಟಾದೆ.

“ಖರೇ ಐತ್ರಿ ಸಾಹೇಬ್ರ. ಚಿಂತಿಗೂ ಒಂದ ಮನಿ ಬೇಕಲ್ಲ. ನೀವೂ ಬಾಗಲಾ ಹಾಕಿದ್ರ ಅದು ಪಾಪ ಎಲ್ಲಿ ಹೋಗಬೇಕು?”

ಎದುರಿಗೆ ಕಬ್ಬಿನ ಗಾಡಿ ಬಂದರೆ ಅವನು ಹಾರ್ನ್ ಹೊಡೆಯುತ್ತಿರಲಿಲ್ಲ. ಜೀಪನ್ನು ರಸ್ತೆಯ ಕೆಳಗಿಳಿಸಿ, ಎಂಜಿನ್ ಬಂದ್ ಮಾಡಿ, ಎತ್ತುಗಳು ದಾಟುವವರೆಗೆ ಕೂತಿರುತ್ತಿದ್ದ. ಶಿರಗುಪ್ಪಿಯ ದಾರಿಯಲ್ಲಿ ಕಬ್ಬು ಕಡಿಯುವ ಹಂಗಾಮಿನಲ್ಲಿ ಅಂಥ ಗಾಡಿಗಳು ಸಾಲುಸಾಲು. ತಡವಾಗುತ್ತದೆ ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ. ಗಾಡಿಯವರು ಕೈಯೆತ್ತಿ ಅವನಿಗೆ ನಮಸ್ಕಾರ ಮಾಡುತ್ತಿದ್ದರು. ನನಗಲ್ಲ.

ಊಟದ ಮಾತೂ ಹಾಗೆಯೇ. ಅವನು ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆಯವನು. ನಾವು ಊರು ಮುಟ್ಟುತ್ತಲೇ ಯಾರಾದರೂ, “ಅಣ್ಣಾ, ಹೊತ್ತ ಇಳಿಯಾಕತ್ತೈತಿ, ಮೊದಲ ಉಣಬರ್ರಿ,” ಎಂದು ಕೈ ಹಿಡಿದು ಕರೆದೊಯ್ಯುತ್ತಿದ್ದರು. ನಾನು ಪರದೆ ಕಟ್ಟಿ, ವೈರು ಎಳೆದು, ಫಿಲ್ಮ್ ಪೋಣಿಸಿ ಮುಗಿಸುವ ಹೊತ್ತಿಗೆ ಅವನು ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಉಂಡು, ಮುಖ ತೊಳೆದು, ಮದುಮಗನಂತೆ ಬಂದು ನಿಲ್ಲುತ್ತಿದ್ದ. ಆಟ ಮುಗಿದ ಮೇಲೆ ನನ್ನ ಪಾಲಿಗೆ ಚುರಮುರಿ.

ಇನ್ನು ಸಿನಿಮಾದ ಮಾತು. ನಗರದ ಯಾವುದೋ ಸಂಗ್ರಹದಿಂದ ನಮಗೆ ಬರುತ್ತಿದ್ದ ಗೊಬ್ಬರದ ಚಿತ್ರಗಳ ಜೊತೆ ಒಮ್ಮೆ ಮೂರು ರೀಲಿನ ಒಂದು ಪರದೇಶದ ಸಿನಿಮಾ ಬಂತು. ಮನುಷ್ಯರು ನಟಿಸಿದ್ದಲ್ಲ, ಚಿತ್ರ ಬರೆದು ಓಡಿಸಿದ್ದು. ಹೆಸರು ಓದಲು ಬಾರದ ಲಿಪಿಯಲ್ಲಿತ್ತು, ಮಾತು ತಿಳಿಯದ ಭಾಷೆಯಲ್ಲಿತ್ತು. ಅಂಥದ್ದೊಂದು ಸಿನಿಮಾ ಇದೆ ಎಂದು ಇಂದಿಗೂ ಯಾವ ಪತ್ರಿಕೆಯಲ್ಲೂ ನಾನು ಓದಿಲ್ಲ. ಸಂಘದ ಮ್ಯಾನೇಜರು ಡಬ್ಬಿ ನೋಡಿ, “ಹುಡುಗೂರ ಗೊಂಬಿ ಪಿಕ್ಚರ್, ವಾಪಸ್ ಕಳಿಸ್ರಿ,” ಎಂದರು. ಕಳಿಸುವ ಮೊದಲು ಫಿಲ್ಮ್ ಹರಿದಿದೆಯೋ ಏನೋ, ಹರಿದಿದ್ದರೆ ನನ್ನ ತಲೆಗೇ ಬರುತ್ತದೋ ಏನೋ ಎಂಬ ಚಿಂತೆಯಿಂದ ಮನೆಗೆ ಒಯ್ದು, ಕಿಟಕಿ ಮುಚ್ಚಿ, ಸುಣ್ಣದ ಗೋಡೆಯ ಮೇಲೆ ಒಬ್ಬನೇ ಓಡಿಸಿ ನೋಡಿದೆ.

ಒಂದು ಗಾಣದ ಎತ್ತಿನ ಕಥೆ ಅದು. ಮೊದಲ ರೀಲಿನಲ್ಲಿ ಕಣ್ಣು ಕಟ್ಟಿಸಿಕೊಂಡು ಸುತ್ತುತ್ತದೆ. ಕೋಡಿನ ಮೇಲೆ ಒಂದು ಗುಬ್ಬಿ ಕೂತಿರುತ್ತದೆ. ರೀಲಿನ ಕೊನೆಗೆ ಯಾರೋ ಬಾಗಿಲು ತೆರೆದಿಟ್ಟು ಹೋಗುತ್ತಾರೆ. ಎತ್ತು ಹೊಸ್ತಿಲಲ್ಲಿ ನಿಲ್ಲುತ್ತದೆ. ಎರಡನೆಯದರಲ್ಲಿ ಹೊಸ್ತಿಲು ದಾಟಿ, ಊರು ಕೇರಿ ದಾಟಿ ಸಮುದ್ರ ಮುಟ್ಟುತ್ತದೆ. ಅಲ್ಲಿಯೂ ಅಭ್ಯಾಸಬಲದಿಂದ ಉಸುಕಿನ ಮೇಲೆ ಗುಂಡಗೆ ಸುತ್ತುತ್ತದೆ. ಒಂದು ತೆರೆ ಬಂದು ಆ ಗುಂಡನೆಯ ಹೆಜ್ಜೆಗುರುತನ್ನು ಅಳಿಸುತ್ತದೆ. ಮೂರನೆಯದರಲ್ಲಿ ಮುದಿಯಾಗಿ ಅದೇ ಗಾಣಕ್ಕೆ ಬರುತ್ತದೆ. ಗಾಣಕ್ಕೆ ಎಂಜಿನ್ ಬಂದಿರುತ್ತದೆ. ಹಿಮ ಬೀಳುತ್ತದೆ, ಎತ್ತು ಮಲಗುತ್ತದೆ, ಗುಬ್ಬಿ ಒಂದೊಂದೇ ಹುಲ್ಲುಕಡ್ಡಿ ತಂದು ಅದರ ಮೈಮೇಲೆ ಹೊದಿಸುತ್ತದೆ. ಮುಗಿಯಿತು.

ಗೋಡೆಯ ಮುಂದೆ ಕೂತು ಅತ್ತೆ. ಮರುದಿನ ಮ್ಯಾನೇಜರ ಮುಂದೆ ಬದುಕಿನಲ್ಲಿ ಮೊದಲ ಸಲ ವಾದ ಮಾಡಿ, ರೈತರಿಗೆ ಇದನ್ನು ತೋರಿಸಲೇಬೇಕು ಎಂದು ಒಪ್ಪಿಸಿದೆ. ಇದನ್ನು ದಯವಿಟ್ಟು ನೆನಪಿಡಿ. ಬೇರೆ ಯಾರೂ ನೆನಪಿಟ್ಟಿಲ್ಲ.

ಮೊದಲ ಆಟ ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ. ಬಾಗಿಲು ಹಾಕಿದರೆ ಮಟಮಟ ಮಧ್ಯಾಹ್ನವೇ ಕತ್ತಲು. ಜನರೆಲ್ಲ ಸೀನುತ್ತಿದ್ದರು. ಭಾಷೆ ತಿಳಿಯದ ಸಿನಿಮಾಕ್ಕೆ ಮೈಕಿನಲ್ಲಿ ವಿವರಣೆ ನಾನೇ ಕೊಡುವುದು ಎಂದು ಎರಡು ರಾತ್ರಿ ಕೂತು ಬರೆದುಕೊಂಡು ಹೋಗಿದ್ದೆ.

“ಪ್ರಿಯ ಬಾಂಧವರೇ, ಈಗ ವೃಷಭವು ತನ್ನ ದೈನಂದಿನ ಕಾಯಕದಲ್ಲಿ ತೊಡಗಿದೆ…”

“ವೃಷಭ ಅಂದ್ರ ಯಾವ ಊರವ್ರಿ?” ಎಂದಿತು ಕತ್ತಲೆಯಿಂದ ಒಂದು ದನಿ. ನಗೆ ಎದ್ದಿತು. ಹಿಂದಿನ ಸಾಲಿನವರು ಚಪ್ಪಲಿ ಹುಡುಕತೊಡಗಿದರು. ಅಷ್ಟರಲ್ಲಿ ತಂಬಾಕಿನ ಘಾಟು ಗಂಟಲಿಗೆ ಇಳಿದು ನನಗೆ ಕೆಮ್ಮು ಹತ್ತಿತು. ಅವನು ಬಂದು ಮೆಲ್ಲಗೆ ಮೈಕು ಇಸಿದುಕೊಂಡ.

“ಬಘಾ, ಬಘಾ, ಬೈಲ ಕಸಾ ಫಿರತೋಯ್,” ಎಂದು ಮರಾಠಿಯಲ್ಲಿ ಶುರು ಮಾಡಿ, “ನೋಡ್ರೆವಾ, ನಮ್ಮ ನಿಮ್ಮಂಗ ಗರಗರ ತಿರುಗಾಕತ್ತೈತಿ, ಮುಂಜಾನಿಂದ ಸಂಜಿತನಾ, ಕೇಳವ್ರ ಇಲ್ಲ,” ಎಂದು ಕನ್ನಡಕ್ಕೆ ಇಳಿದ. ಬೀಡಿ ಕಟ್ಟುವ ಹೆಂಗಸರು ‘ಅಯ್ಯ ನಮ್ಮವ್ವಾ’ ಎಂದರು. ಚಪ್ಪಲಿ ಹುಡುಕುತ್ತಿದ್ದವರು ಕೂತರು.

ಆಗ ಆ ತಪ್ಪು ನಡೆಯಿತು. ಅಂದು ಮನೆಯಲ್ಲಿ ಒಬ್ಬನೇ ನೋಡಿ ಮುಗಿಸಿದ ಮೇಲೆ, ಸರಿ ಇದೆಯೋ ಇಲ್ಲವೋ ಎಂದು ಮೂರು ರೀಲನ್ನೂ ಮಂಚದ ಮೇಲೆ ಹರಡಿ ಮೂರು ಸಲ ಒರೆಸಿ, ಮೂರು ಸಲ ಪರೀಕ್ಷಿಸಿ ಡಬ್ಬಿಗೆ ಹಾಕಿದ್ದೆ. ಚಿಂತೆಯಿಲ್ಲದವನಾಗಿದ್ದರೆ ಹಾಗೆಯೇ ಡಬ್ಬಿಗೆ ಹಾಕುತ್ತಿದ್ದ, ತಪ್ಪು ಆಗುತ್ತಲೇ ಇರಲಿಲ್ಲ. ಎರಡನೆಯ ಡಬ್ಬಿ ತೆಗೆದು ಓಡಿಸಿದೆ: ತೆರೆಯ ಮೇಲೆ ಮುದಿ ಎತ್ತು, ಹಿಮ! ಮೂರನೆಯ ರೀಲು. ನಿಲ್ಲಿಸಿದರೆ ಜನ ಎದ್ದು ಹೋಗುತ್ತಾರೆ. ನಿಲ್ಲಿಸಲಿಲ್ಲ.

ಅವನು ಅರೆಗಳಿಗೆ ತೆರೆ ನೋಡಿದ, ಅಷ್ಟೇ.

“ಬಾಗಲಾ ತೆರದಿತ್ತು. ಎತ್ತ ದಾಟಲಿಲ್ಲ. ಅಂಜಿತು. ಇವತ್ತ ದಾಟತೇನಿ, ನಾಳಿ ದಾಟತೇನಿ ಅಂದ್ಕೋತ ಹನ್ನೆರಡ ವರ್ಷ ಆತು ನೋಡ್ರಿ, ಹೊಸ್ತಿಲದಾಗ ನಿಂತ ಮುದಿ ಆತು. ಮ್ಯಾಲಿಂದ ಹತ್ತಿ ಬಿದ್ದಂಗ ಥಂಡಿ ಬೀಳಾಕತ್ತೈತಿ…”

ಎತ್ತು ಸತ್ತಿತು. ಜನ ಸೀನುವುದೂ ನಿಂತಿತು. ನಾನು ಕೊನೆಯದಾಗಿ ಎರಡನೆಯ ರೀಲು ಹಾಕಿದೆ. ತೆರೆಯ ಮೇಲೆ ಎತ್ತು ಎಳೆಯದಾಗಿ, ಗಟ್ಟಿಮುಟ್ಟಾಗಿ, ಅದೇ ಹೊಸ್ತಿಲಲ್ಲಿ ನಿಂತಿತ್ತು. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಸಣ್ಣ ದನಿಯಲ್ಲಿ, “ಎದ್ದೈತ್ರಿ,” ಎಂದ. “ಈಗ ಅಂಜಿಕಿ ಇಲ್ಲ. ಈಗ ದಾಟತೈತಿ ನೋಡ್ರಿ. ಮೊದಲ ಬಲಗಾಲ…”

ವಖಾರಿ ಸಿಳ್ಳೆಯಿಂದ ಒಡೆದುಹೋಗುವಂತಾಯಿತು. ಸಮುದ್ರದ ತೆರೆ ಬಂದು ಉಸುಕಿನ ಮೇಲಿನ ಹೆಜ್ಜೆಗುರುತನ್ನು ಅಳಿಸಿದಾಗ ನಾನೂ ಅತ್ತೆ. ಕೇಳಿದವರಿಗೆ ತಂಬಾಕು ಎಂದೆ. ನನಗೆ ಆಗಲೇ ಗೊತ್ತಾಗಿತ್ತು. ತಪ್ಪು ಕ್ರಮವೇ ಹೆಚ್ಚು ಚೆನ್ನಾಗಿತ್ತು. ತಪ್ಪು ನನ್ನದು, ಚೆಂದ ಅವನದು.

ಕ್ರಮ ತಪ್ಪಿದೆ ಎಂದು ಅವನಿಗೆ ಹೇಳಲಿಲ್ಲ; ಮುಂದಿನ ಆಟಗಳಲ್ಲೂ ಅದೇ ತಪ್ಪು ಕ್ರಮದಲ್ಲಿ ಓಡಿಸಿದೆ. ಮೊದಲು ಅಂಜಿಕೆಯಿಂದ, ಆಮೇಲೆ ಹೇಳುವ ಹೊತ್ತು ಮೀರಿತ್ತು. ಊರೂರಿನಿಂದ ಕರೆ ಬಂತು. ಸಂಘವು ಆ ಸಿನಿಮಾವನ್ನು ವರ್ಷ ವರ್ಷವೂ ಉಳಿಸಿಕೊಂಡಿತು. ಅಥಣಿ ಕಡೆಯ ಅನಂತಪುರದ ಒಬ್ಬ ಅಜ್ಜಿ ಐದು ಸಲ ನೋಡಿದ್ದಳು. ಯಾರಾದರೂ ಹೊಲ ಕೊಳ್ಳಲೋ ಬೇಡವೋ ಎಂದು ಅನುಮಾನಿಸಿದರೆ ಮಂದಿ, “ಹೊಸ್ತಿಲದಾಗಿನ ಎತ್ತ ಆಗಬ್ಯಾಡೋ, ದಾಟು,” ಎನ್ನತೊಡಗಿದರು. ಕಾರಹುಣ್ಣಿವೆಯ ದಿನ ರಾಯಬಾಗದ ರಸ್ತೆಯಲ್ಲಿ ಎತ್ತುಗಳು ಮೆರವಣಿಗೆ ಬಂದರೆ, ಬಣ್ಣ ಬಳಿದ ಕೋಡಿನ ಮೇಲೆ ಪುಟ್ಟ ಗುಬ್ಬಿ! ಕೋಡಿನ ಮೇಲೆ ಗುಬ್ಬಿ ಬರೆಯುವ ರೂಢಿ ನಮ್ಮ ಕಡೆ ಹೇಗೆ ಬಂತೆಂದು ಮುಂದೆ ಯಾರಾದರೂ ಪಂಡಿತರು ತಲೆ ಕೆಡಿಸಿಕೊಂಡಾರು. ಅವರೂ ಅವನ ಹೆಸರನ್ನೇ ಬರೆಯುತ್ತಾರೆ.

ಎರಡನೆಯ ಆಟದಿಂದ ಅವನು ತೆರೆ ನೋಡುವುದನ್ನೇ ಬಿಟ್ಟಿದ್ದ. ತೆರೆಗೆ ಬೆನ್ನು ಹಾಕಿ, ಮೈಕು ಎದೆಗೆ ಹಿಡಿದು, ಜನರ ಮುಖ ನೋಡುತ್ತ ಕಥೆ ಹೇಳುತ್ತಿದ್ದ. ಅವರ ಮುಖದ ಮೇಲೆ ಬೆಳಕು ಬದಲಾದಂತೆ ಅವನ ಮಾತು ಬದಲಾಗುತ್ತಿತ್ತು.

“ತಿರಗಿ ಒಮ್ಮಿ ನೋಡಬಾರದೇನಣ್ಣಾ? ಎಷ್ಟ ಚಂದ ಚಿತ್ರಾ ತಗದಾರ.”

“ಪಿಕ್ಚರ್ ತೆರಿ ಮ್ಯಾಲ ಇರೂದಿಲ್ರಿ ಸಾಹೇಬ್ರ. ಮಂದಿ ಮಾರಿ ಮ್ಯಾಲ ಇರತೈತಿ.”

ಆ ಮಾತು ಕೇಳಿ ಮೈ ಉರಿಯಿತು. ನಾನು ಪ್ರೊಜೆಕ್ಟರಿನ ಹಿಂದೆ ನಿಲ್ಲುವವನು. ನನಗೆ ಕಾಣುವುದು ಜನರ ಬೆನ್ನು, ಪಟಗಾ, ತುರುಬು.

ಆದರೂ ಸಹಿಸಿಕೊಂಡಿದ್ದೆ. ಶಿರಗುಪ್ಪಿಯಲ್ಲಿ ಅವನಿಗೆ ಶಾಲು ಹೊದಿಸಿ, ಆ ಶಾಲು ಹಿಡಿದುಕೊಳ್ಳಲು ನನ್ನ ಕೈಗೆ ಕೊಟ್ಟಾಗಲೂ ಸಹಿಸಿಕೊಂಡೆ. ಸಹಿಸಲಾಗದ್ದು ಮನೆಯಲ್ಲಿ ನಡೆಯಿತು. ಚಿಕ್ಕೋಡಿಯ ಆಟಕ್ಕೆ ನನ್ನ ಹೆಂಡತಿ ಬಂದಿದ್ದಳು. ಮನೆಗೆ ಬಂದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, “ಎಷ್ಟ ಚಂದ ಹೇಳ್ತಾರ್ರೀ ಅಣ್ಣಾರು! ಎದ್ದೈತ್ರಿ ಅಂದ್ರಲ್ಲ, ನನ್ನ ಜೀವನ ಎದ್ದ ನಿಂತಂಗಾತು. ಲಗ್ನ ಆಗಿ ಏಳ ವರ್ಷ ಆತು, ನೀವು ಒಂದ ಮಾತ ಹಂಗ ಆಡಿಲ್ಲ,” ಎಂದಳು.

ಮುಂದಿನ ಆಟ ಅಥಣಿಯಲ್ಲಿ. ಅವಳ ತವರೂರು. ಅತ್ತೆ, ಮಾವ, ಭಾಮೈದ ಎಲ್ಲರೂ ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ನಾನು ಆ ದಿನ ರೀಲುಗಳನ್ನು ಸರಿಯಾದ ಕ್ರಮದಲ್ಲಿ ಹಾಕಿದೆ. ಸತ್ಯಕ್ಕಾಗಿ ಎಂದು ಮನಸ್ಸಿಗೆ ಹೇಳಿಕೊಂಡೆ. ಸಿನಿಮಾ ಮಾಡಿದವರಿಗೆ ನ್ಯಾಯ ಸಿಗಬೇಡವೇ? ನನ್ನ ಮನಸ್ಸೂ ನಂಬಲಿಲ್ಲ.

ಮೊದಲ ರೀಲು ಮುಗಿಯಿತು. ಅವನು ಎಂದಿನಂತೆ ಬೆನ್ನು ಹಾಕಿ ನಿಂತು, “ಬಾಗಲಾ ತೆರದಿತ್ತು. ಎತ್ತ ದಾಟಲಿಲ್ಲ. ಅಂಜಿತು…” ಎಂದ. ಅವನ ಬೆನ್ನ ಹಿಂದೆ ಎತ್ತು ಬಾಲ ಎತ್ತಿ ಜಿಗಿಯುತ್ತ ಹೊಸ್ತಿಲು ದಾಟಿ ಓಡುತ್ತಿತ್ತು. ಮೊದಲು ಒಬ್ಬ ನಕ್ಕ. ಆಮೇಲೆ ಹತ್ತು ಮಂದಿ. “ಹನ್ನೆರಡ ವರ್ಷ ಆತು…” ಎನ್ನುವಷ್ಟರಲ್ಲಿ ಇಡೀ ಬಯಲು ನಗುತ್ತಿತ್ತು. ಅವನು ಆ ಮುಖಗಳನ್ನು ನೋಡಿದ. ಏನೋ ತಪ್ಪಿದೆ ಎಂದು ಗೊತ್ತಾಯಿತು. ಎಷ್ಟೋ ವರ್ಷಗಳ ಮೇಲೆ ತಿರುಗಿ ತೆರೆ ನೋಡಿದ.

“ಏ ಪೆಟ್ಟಿಗಿಯಂವಾ! ರೀಲ್ ಉಲ್ಟಾ ಹಾಕೀದಿ!” ಎಂದು ಯಾರೋ ಕೂಗಿದರು. ನನ್ನ ಭಾಮೈದ ಎದ್ದು ನಿಂತು, “ಏನ ಮಾಡಿದ್ರಿ ಭಾವಾ, ಮರ್ಯಾದಿ ತಗದ್ರಲ್ಲಾ!” ಎಂದ.

ಅವನು ಮೈಕು ಬಾಯಿಗೆ ತಂದ.

“ಉಲ್ಟಾ ಅಲ್ರಿ. ಸಾಹೇಬ್ರು ಬರೋಬ್ಬರಿ ಹಾಕ್ಯಾರ. ಎತ್ತ ಅವತ್ತನ ದಾಟಿತ್ತು. ಇಷ್ಟ ವರ್ಷ ನಾನ ಸುಳ್ಳ ಹೇಳೇನಿ. ತಪ್ಪಾತು.”

ಮೈಕನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು, ಜನರ ನಡುವೆ ಹೋಗಿ ಕೂತು, ಉಳಿದ ಸಿನಿಮಾವನ್ನು ಎಲ್ಲರಂತೆ ನೋಡಿದ. ಸಮುದ್ರ ಬಂತು, ಹೋಯಿತು. ಎತ್ತು ತಾನಾಗಿಯೇ ಗಾಣಕ್ಕೆ ತಿರುಗಿ ಬಂತು. ಹಿಮ ಬಿತ್ತು. ಗುಬ್ಬಿ ಹುಲ್ಲು ಹೊದಿಸಿತು. ತೆರೆ ಬೆಳ್ಳಗಾಯಿತು. ಯಾರೂ ಏಳಲಿಲ್ಲ. ಅನಂತಪುರದ ಅಜ್ಜಿ, ಆರನೆಯ ಸಲ ನೋಡಲು ಬಂದವಳು, ಕೂತಲ್ಲಿಂದಲೇ ಕೇಳಿದಳು:

“ಅಣ್ಣಾ, ಮತ್ತ ಏಳೂದಿಲ್ಲೇನ?”

“ಇವತ್ತ ಏಳೂದಿಲ್ಲವ್ವಾ.”

ನನಗೆ ಗೆದ್ದೆ ಅನಿಸಲಿಲ್ಲ. ಆ ರಾತ್ರಿ ಹೆಂಡತಿ ತವರಿನಲ್ಲೇ ಉಳಿದಳು. ವಾಪಸು ಬರುವಾಗ ಜೀಪಿನಲ್ಲಿ ನಾವಿಬ್ಬರೇ.

“ಸಾಹೇಬ್ರ, ನಿಪ್ಪಾಣ್ಯಾಗಿಂದನ ಗೊತ್ತಿತ್ತೇನ್ರಿ ನಿಮಗ?”

“ಹೂಂ.”

“ಹೇಳಬೇಕಿಲ್ರಿ?” ಎಂದ. ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನಾದರೂ ಹಿಡಿದುಕೊಂಡು ಮಲಗುತ್ತಿದ್ದೆ. ಬಹಳ ದೂರ ಬಂದ ಮೇಲೆ, “ಛಲೋ ಪಿಕ್ಚರ್ ಐತ್ರಿ ನಿಮ್ದು,” ಎಂದ.

ನಿಮ್ದು! ಎಷ್ಟೋ ವರ್ಷ ನಾನು ಯಾರ ಬಾಯಿಂದಲಾದರೂ ಕೇಳಬೇಕೆಂದಿದ್ದ ಮಾತು. ಅವನ ಬಾಯಿಂದಲೇ ಬಂತು, ಆ ಹೊತ್ತಿಗೆ ಬಂತು.

ಆಮೇಲೆ ಅವನು ಆ ಸಿನಿಮಾಕ್ಕೆ ಮೈಕು ಹಿಡಿಯಲಿಲ್ಲ. ಮ್ಯಾನೇಜರು ಹೇಳಿದರು, ಊರಿನ ಮಂದಿ ಕೈ ಮುಗಿದರು. “ಖರೇ ಗೊತ್ತಾದ ಮ್ಯಾಲ ನಾಲಿಗಿ ಏಳವಲ್ದ್ರಿ,” ಎಂದ. ನಾನೂ ಎರಡು ಸಲ ಹಳೆಯ ತಪ್ಪು ಕ್ರಮದಲ್ಲೇ ರೀಲು ಜೋಡಿಸಿ, “ಬಾ ಅಣ್ಣಾ,” ಎಂದೆ. ಅವನು ಜೀಪಿನ ಟೈರಿಗೆ ಗಾಳಿ ನೋಡುತ್ತ ನಿಂತ. ಅವನಿಲ್ಲದೆ ಅದು ನಿಜವಾಗಿಯೂ ಹುಡುಗರ ಗೊಂಬೆ ಪಿಕ್ಚರಾಯಿತು. ಡಬ್ಬಿಗಳು ವಾಪಸಾದವು. ವಿಡಿಯೋ ಬಂತು, ಜೀಪು ಹರಾಜಾಯಿತು, ಅವನು ನಿವೃತ್ತನಾಗಿ ಕಾಗವಾಡಕ್ಕೆ ಹೋದ.

ಎರಡು ವರ್ಷದ ಹಿಂದೆ ಹೋಗಿ ನೋಡಿದ್ದೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಚಹಾ ಮುಗಿಯುವವರೆಗೂ ಆ ಮಾತು ಬಾಯಿಯ ಹೊಸ್ತಿಲು ದಾಟಲಿಲ್ಲ. ಅಷ್ಟರಲ್ಲಿ ಅವನೇ ಕೇಳಿದ:

“ಸಾಹೇಬ್ರ, ಸಮುದ್ರಾ ನೋಡಿದ ಎತ್ತು ವಾಪಸ್ ಯಾಕ ಬಂತ್ರಿ? ಅವತ್ತಿಂದ ವಿಚಾರ ಮಾಡಾಕತ್ತೇನಿ, ತಿಳಿವಲ್ದು.”

“ರೂಢಿ ಬಿದ್ದಿರಬೇಕಣ್ಣಾ.”

“ಹೂಂ. ನೀವ ಹೇಳೂದಂದ್ರ ಖರೇನ ಇರಬೇಕು,” ಎಂದು ನಕ್ಕ. ಅದರಲ್ಲಿಯೂ ಗೌರವ ಎಷ್ಟು, ಚೇಷ್ಟೆ ಎಷ್ಟು ತಿಳಿಯಲಿಲ್ಲ. ಕ್ಷಮೆ ಕೇಳದೆ ಬಂದೆ.

ಐತವಾರ ಹೆಂಡತಿಯನ್ನು ಕರೆದುಕೊಂಡು ಕಾಗವಾಡಕ್ಕೆ ಹೋದೆ. ಎಲ್ಲ ಊರುಗಳಿಂದಲೂ ಮಂದಿ ಬಂದಿದ್ದರು. ನಾನು ಕುರ್ಚಿಗಳನ್ನೂ ಹಾಕಿದೆ. ಒಬ್ಬೊಬ್ಬರೇ ಎದ್ದು ಅವನ ಗುಣ ಹೇಳುತ್ತ ಕೊನೆಗೆ ಎತ್ತಿಗೇ ಬರುತ್ತಿದ್ದರು. ಒಬ್ಬರೂ ಅಥಣಿಯ ಆಟದ ಮಾತು ಎತ್ತಲಿಲ್ಲ. ಅದನ್ನು ನೋಡಿದವರೂ ಮರೆತಿದ್ದರು, ಅಥವಾ ಬೇಡವೆಂದು ಬಿಟ್ಟಿದ್ದರು. ಪಟಗಾದ ಹಿರಿಯರು ನನ್ನನ್ನು ತೋರಿಸಿ, “ಪೆಟ್ಟಿಗಿಯವರು ಒಂದೆರಡ ಮಾತ ಆಡ್ಲಿ,” ಎಂದರು.

ಎದ್ದು ನಿಂತು ಹೇಳಿಬಿಟ್ಟೆ. ಮೊದಲ ದಿನ ರೀಲು ಅದಲುಬದಲು ಮಾಡಿದ್ದು ನಾನು, ಅವನು ಸುಳ್ಳು ಹೇಳಲಿಲ್ಲ, ನನ್ನ ತಪ್ಪನ್ನು ಮುಚ್ಚಿದ, ಅಥಣಿಯಲ್ಲಿ ನಾನು ಬೇಕಂತಲೇ ಅವನ ಮರ್ಯಾದೆ ಕಳೆದೆ, ಹೊಟ್ಟೆಕಿಚ್ಚಿನಿಂದ ಕಳೆದೆ.

ಆಮೇಲೆ ಹಿರಿಯರು ಮರುಕದಿಂದ, “ಇರ್ಲಿ ಕುಂದರ್ರಿ. ದುಃಖದಾಗ ಮನಷ್ಯಾ ಏನರೆ ಮಾತಾಡ್ತಾನ,” ಎಂದರು.

“ಕುಂದರಿಸಬ್ಯಾಡ್ರಿ ಅವನ್ನ,” ಎಂದಿತು ಗೋಡೆಯ ಬದಿಯಿಂದ ಒಂದು ದನಿ. ಅನಂತಪುರದ ಅಜ್ಜಿ. ಇನ್ನೂ ಇದ್ದಳು. ಕಣ್ಣು ಮಂಜಾಗಿತ್ತು. “ಏ ತಮ್ಮಾ, ಅಷ್ಟ ಮಾಡೀದಿ ಅಂದ್ರ ಹೇಳಲಾ ಕಥೀನ. ಅವತ್ತ ಏಳಲಿಲ್ಲ ಅದು. ಇವತ್ತ ಎಬ್ಬಸು.”

ಮೈಕಿಲ್ಲ, ತೆರೆಯಿಲ್ಲ; ಬೆನ್ನಿಗೆ ಗೋಡೆ, ಎದುರಿಗೆ ಮಂದಿ. ಶುರು ಮಾಡಿದೆ. ನನ್ನ ಕ್ರಮದಲ್ಲಲ್ಲ, ಅವನ ಕ್ರಮದಲ್ಲಿ. ಬಾಗಿಲು ತೆರೆದಿತ್ತು, ಎತ್ತು ದಾಟಲಿಲ್ಲ, ಅಂಜಿತು. ಹನ್ನೆರಡು ವರ್ಷ. ಥಂಡಿ. ಹುಲ್ಲುಕಡ್ಡಿ. ಆಮೇಲೆ ಅವನಂತೆಯೇ ಬಹಳ ಹೊತ್ತು ಸುಮ್ಮನಿದ್ದೆ. ಅವನು ಕಲೆಯಿಂದ ಸುಮ್ಮನಿರುತ್ತಿದ್ದ, ನಾನು ಮಾತು ಹುಡುಕುತ್ತ.

“ಎದ್ದೈತ್ರಿ,” ಎಂದೆ. “ಈಗ ಹೊಸ್ತಿಲಾ ದಾಟತೈತಿ…”

“ಮೊದಲ ಬಲಗಾಲ,” ಎಂದು ಅಜ್ಜಿ ತಿದ್ದಿದಳು.

“ಹಾಂ. ಮೊದಲ ಬಲಗಾಲ.”

ಆಗ ಮೊದಲ ಸಲ ಅವರ ಮುಖಗಳನ್ನು ನೋಡಿದೆ. ಅಜ್ಜಿಯ ಮಂಜು ಕಣ್ಣಿನಲ್ಲಿ, ಹಿರಿಯರ ಗಡ್ಡದ ಮೇಲೆ, ಬಾಗಿಲಲ್ಲಿ ನಿಂತ ನನ್ನ ಹೆಂಡತಿಯ ಮುಖದ ಮೇಲೆ ಎತ್ತು ನಡೆದುಕೊಂಡು ಹೋಯಿತು. ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ಪಿಕ್ಚರು ಅಲ್ಲಿಯೇ ಇತ್ತು, ಅವನು ಹೇಳಿದ್ದ ಜಾಗದಲ್ಲಿಯೇ. ಇಷ್ಟು ವರ್ಷ, ಪ್ರತಿ ಆಟಕ್ಕೂ, ಆ ಮಗ ಒಬ್ಬನೇ ಇದನ್ನು ನೋಡುತ್ತಿದ್ದನಲ್ಲ ಎಂದು ನನಗೆ ಹೊಟ್ಟೆ ಉರಿಯಿತು.